ಅಪ್ಪನ ಪಿಸ್ತೂಲಿನ ಮೇಲ್ಭಾಗ

ನಮ್ಮಪ್ಪ ದಿನಕ್ಕೆರಡು ಹೊತ್ತು ಸಂಧ್ಯಾವಂದನೆ ಮಾಡುತ್ತಿದ್ದರು, ಏಕಾದಶಿಯ ದಿನ ನೀರು ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ, ಭಾನುವಾರ ಬೆಳಗ್ಗೆ ಪಿಸ್ತೂಲು ಹಿಡಿದು ರೈಫಲ್ ಕ್ಲಬ್ಬಿಗೆ ಹೋಗುತ್ತಿದ್ದರು. ಈ ಮೂರನೆಯದನ್ನು ಹೇಳಿದಾಗ ಜನ ನನ್ನ ಮುಖ ನೋಡುತ್ತಾರೆ. ನೋಡಲಿ. ರಟ್ಟಿನ ಗುರಿಗಲ್ಲದೆ ಬೇರೆ ಯಾವುದಕ್ಕೂ ಅವರು ಗುಂಡು ಹೊಡೆದವರಲ್ಲ. ಮನೆಯಲ್ಲಿ ಜಿರಳೆ ಕಂಡರೂ ಲೋಟ ಬೋರಲು ಹಾಕಿ ಹಿಡಿದು, ಬಾಲ್ಕನಿಯಿಂದ ಆಚೆ ಬಿಟ್ಟು, ಆಮೇಲೆ ಆ ಲೋಟದ ವಿಷಯಕ್ಕೆ ಅತ್ತೆಯ ಕೈಲಿ ಬೈಸಿಕೊಳ್ಳುತ್ತಿದ್ದರು.

ಅತ್ತೆ ಎಂದರೆ ಅಪ್ಪನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದವರು. ಅಮ್ಮ ಹೋದ ಮೇಲೆ ಚೆನ್ನೈನ ವೆಸ್ಟ್ ಮಾಂಬಲಂನ ಆ ಫ್ಲಾಟಿನಲ್ಲಿ ಅಕ್ಕ, ತಮ್ಮ ಇಬ್ಬರೇ. ನಾನು ಒಂದು ಸ್ಟೇಷನ್ ಆಚೆ, ಕೋಡಂಬಾಕ್ಕಂನಲ್ಲಿ.

ಪಿಸ್ತೂಲು ಅಮೆರಿಕದ್ದು, ಎರಡನೇ ಮಹಾಯುದ್ಧಕ್ಕಿಂತ ಮೊದಲಿನದು. ಅಪ್ಪ ಕೆಲಸಕ್ಕೆ ಸೇರಿದ ಹೊಸದರಲ್ಲಿ, ತನ್ನ ದೇಶಕ್ಕೆ ವಾಪಸಾಗುತ್ತಿದ್ದ ಒಬ್ಬ ಟೀ ಕಂಪನಿ ದೊರೆಯಿಂದ ಅದನ್ನು ಕೊಂಡಿದ್ದರಂತೆ. ಆ ಮಾದರಿಯ ಪಿಸ್ತೂಲುಗಳನ್ನು ಸೈನ್ಯಕ್ಕೆಂದು ಲೆಕ್ಕವಿಲ್ಲದಷ್ಟು ಮಾಡಿದ್ದಾರೆ. ಆದರೆ ಅದೇ ಕಾರ್ಖಾನೆಯವರು ಸ್ಪರ್ಧೆಗೆ ಹೋಗುವವರಿಗಾಗಿ ಕೆಲವನ್ನು ಬೇರೆಯಾಗಿ ಮಾಡುತ್ತಿದ್ದರು. ಅವಕ್ಕೆ ಆರಿಸಿದ ನಳಿಗೆ, ಕೈಯಿಂದ ಉಜ್ಜಿ ಕೂರಿಸಿದ ಭಾಗಗಳು, ನಯ ಮಾಡಿದ ಟ್ರಿಗರ್. 'ಮ್ಯಾಚ್ ಗ್ರೇಡ್' ಎನ್ನುವುದು ಅದಕ್ಕೆ. ನೋಡುವುದಕ್ಕೆ ಎರಡೂ ಒಂದೇ. ಒಂದೇ ಅಂಗಡಿಯ ಎರಡು ಕಾಂಚೀಪುರಂ ಸೀರೆ ಪಕ್ಕಪಕ್ಕ ಇಟ್ಟು, ಒಂದರ ಜರಿ ಮಾತ್ರ ನಿಜ ಎಂದರೆ ಹೇಗೋ ಹಾಗೆ. ಅಪ್ಪನ ಪಿಸ್ತೂಲು ನಿಜ ಜರಿಯದು ಎಂದು ಅವರು ಸಾಯುವ ತನಕ ಹೇಳುತ್ತಿದ್ದರು. ನಾವು ಹೂಂ ಎನ್ನುತ್ತಿದ್ದೆವು. ಗಂಡಸರು ತಮ್ಮ ಸಾಮಾನಿನ ಬಗ್ಗೆ ಹೇಳುವುದನ್ನೆಲ್ಲ ನಂಬಬೇಕೆಂದು ಎಲ್ಲಿದೆ?

ಹೋದ ಜನವರಿಯಲ್ಲಿ ಅಪ್ಪ ತೀರಿಕೊಂಡರು. ಲೈಸೆನ್ಸು ಅವರದು, ಅವರಿಲ್ಲದ ಮೇಲೆ ಆ ವಸ್ತುವನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಹದಿಮೂರನೆಯ ದಿನ ಮುಗಿಸಿ, ಪೊಲೀಸ್ ಸ್ಟೇಷನ್ನಿಗೆ ಬರೆದುಕೊಟ್ಟು, ಬೀರುವಿನಲ್ಲಿದ್ದ ಮರದ ಪೆಟ್ಟಿಗೆಯನ್ನು ಹಾಗೇ ಎತ್ತಿಕೊಂಡು ಪ್ಯಾರೀಸ್ ಕಾರ್ನರಿನ ಬಂದೂಕಿನ ಅಂಗಡಿಗೆ ಹೋಗಿ ಒಪ್ಪಿಸಿದೆ. ಪೆಟ್ಟಿಗೆ ತೆರೆದು ನೋಡಲಿಲ್ಲ. ಮನಸ್ಸಾಗಲಿಲ್ಲ, ಅಷ್ಟೇ. ಅವರು ನಂಬರ್ ನೋಡಿ ರಸೀದಿ ಕೊಟ್ಟರು. ಅಪ್ಪ ಐವತ್ತು ವರ್ಷ ವ್ಯವಹಾರ ಮಾಡಿದ್ದ ಅಂಗಡಿ. ಚುನಾವಣೆ ಬಂದಾಗಲೆಲ್ಲ ಲೈಸೆನ್ಸಿನವರು ತಮ್ಮ ಆಯುಧವನ್ನು ಒಪ್ಪಿಸಬೇಕೆಂದು ಆರ್ಡರ್ ಬರುತ್ತದಲ್ಲ, ಆಗೆಲ್ಲ ಅಪ್ಪ ಅಲ್ಲೇ ಕೊಟ್ಟು, ಎಣಿಕೆ ಮುಗಿದ ಮೇಲೆ ಬಿಡಿಸಿಕೊಂಡು ಬರುತ್ತಿದ್ದರು.

ಮಾರುವುದೆಂದು ತೀರ್ಮಾನವಾದಾಗ ಒಬ್ಬ ಹಲ್ಲಿನ ಡಾಕ್ಟರು ಸಿಕ್ಕರು. ಉಡುಪಿ ಕಡೆಯ ಹೋಟೆಲಿನವರ ಮಗ, ಹುಟ್ಟಿದ್ದು ಬೆಳೆದದ್ದು ಇಲ್ಲೇ, ಅಪ್ಪನ ಕ್ಲಬ್ಬಿನಲ್ಲೇ ಶೂಟಿಂಗ್ ಮಾಡುವವರು, ಕೈಯಲ್ಲಿ ಲೈಸೆನ್ಸಿದೆ. ನಿಜವಾದ ಮ್ಯಾಚ್ ಪಿಸ್ತೂಲಾದರೆ ತೆಗೆದುಕೊಳ್ಳುತ್ತೇನೆ, ಸಾಮಾನ್ಯದ್ದಾದರೆ ಬೇಡ ಎಂದು ಮೊದಲೇ ಹೇಳಿಬಿಟ್ಟರು. ನನಗೆ ಅವರ ಆ ನೇರ ಮಾತು ಇಷ್ಟವಾಯಿತು. ಸಂಶಯವೂ ಬಂತು. ಇಷ್ಟು ನೇರವಾಗಿ ಮಾತಾಡುವವರು ಸಾಮಾನ್ಯವಾಗಿ ಬೆಲೆ ಇಳಿಸುವವರು.

ಅಂಗಡಿ ಒಂದು ಹಳೆಯ ಕಟ್ಟಡದ ಮೊದಲ ಮಹಡಿಯಲ್ಲಿದೆ. ಕೆಳಗೆ ಪಟಾಕಿ, ಬೀಗ, ಪ್ಲಾಸ್ಟಿಕ್ ಬಕೆಟ್ಟಿನ ಹೋಲ್‌ಸೇಲ್. ಮೇಲೆ ಒಂದು ಕೌಂಟರ್, ಅದರ ಹಿಂದೆ ಈಗಿನ ಓನರ್ ಹುಡುಗ, ಮೂವತ್ತರ ಆಸುಪಾಸು, ತಾತನ ಕಾಲದ ಅಂಗಡಿಯನ್ನು ಈಗಷ್ಟೇ ವಹಿಸಿಕೊಂಡವನು. ಅವನ ಹಿಂದೆ ಒಂದು ಪರದೆ, ಪರದೆಯ ಹಿಂದೆ ರಿಪೇರಿಯ ಮೇಜು. ಅಲ್ಲಿ ಒಬ್ಬ ಮೇಸ್ತ್ರಿ. ಎಪ್ಪತ್ತಾಗಿರಬೇಕು. ಬನಿಯನ್, ಎಣ್ಣೆಯ ಕಲೆಯ ಲುಂಗಿ, ಹಣೆಗೆ ಏರಿಸಿದ ಕನ್ನಡಕ. ಅಪ್ಪ ಇವರ ಬಗ್ಗೆ ಹೇಳುತ್ತಿದ್ದರು. ಪಿಸ್ತೂಲನ್ನು ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲವಂತೆ.

ಡಾಕ್ಟರು ಪೆಟ್ಟಿಗೆ ತೆರೆದರು. ಪಿಸ್ತೂಲನ್ನು ಆಚೆ ಈಚೆ ತಿರುಗಿಸಿ ನೋಡಿದರು. ಆಮೇಲೆ ಜೇಬಿನಿಂದ ಹಲ್ಲು ನೋಡುವ ಪುಟ್ಟ ಕನ್ನಡಿ ತೆಗೆದರು.

"ಬಾಯಿ ತೆಗೀರಿ ಅಂತೀರಾ ಅದಕ್ಕೆ?" ಎಂದೆ.

"ಸುಮ್ನಿರಿ ಅಕ್ಕ ಮಾರಾಯ್ರೆ. ಇದು ಸ್ವಲ್ಪ ಹೆಚ್ಚುಕಡಿಮೆ ಉಂಟು."

ಅವರು ತೋರಿಸಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಪಿಸ್ತೂಲಿಗೆ ಎರಡು ದೊಡ್ಡ ಭಾಗ. ಕೆಳಗಿನದು ಹಿಡಿ ಇರುವ ಭಾಗ, ನಂಬರ್ ಇರುವುದು ಅದರ ಮೇಲೆ. ಮೇಲಿನದು ಸ್ಲೈಡ್, ಗುಂಡು ಹಾರಿದಾಗ ಹಿಂದೆ ಮುಂದೆ ಜಾರುವ ಉಕ್ಕಿನ ಮುಚ್ಚಳ. ಮ್ಯಾಚ್ ಪಿಸ್ತೂಲೆಂದು ಹೇಳುವ ಅಕ್ಷರಗಳಿರುವುದು ಆ ಸ್ಲೈಡಿನ ಬಲಗಡೆ. ಎಡಗಡೆ ಕಂಪನಿಯ ಗುರುತು, ಎದ್ದು ನಿಂತ ಕುದುರೆ. ನಳಿಗೆಯ ಬಾಯಿಯನ್ನು ಬಿಗಿಯಾಗಿ ಹಿಡಿಯುವ ಒಂದು ಉಂಗುರ. ಹಿಂದೆ, ಕಣ್ಣಿಟ್ಟು ಗುರಿ ನೋಡಲು, ಸ್ಕ್ರೂ ತಿರುಗಿಸಿ ಸರಿಮಾಡಿಕೊಳ್ಳುವ ಗುರಿಕಟ್ಟು.

"ಉಂಗುರ ಬಿಗಿ ಉಂಟು, ಒಳ್ಳೇದು. ನಳಿಗೆ ಒಳ್ಳೇದು. ಟ್ರಿಗರ್ ಬೆಣ್ಣೆ. ಕೆಳಗಿನ ಭಾಗ ನೋಡಿ, ಒಳ್ಳೆ ಕಡು ನೀಲಿ. ಮೇಲಿನ ಭಾಗ ನೋಡಿ ಈಗ."

ನೋಡಿದೆ. ಮೇಲಿನ ಭಾಗ ಬೂದಿ ಬಣ್ಣ. ಹಳೆಯ ಅಲ್ಯೂಮಿನಿಯಂ ಪಾತ್ರೆಯ ಹಾಗೆ. ಬಲಗಡೆಯ ಅಕ್ಷರಗಳು ಇವೆಯೋ ಇಲ್ಲವೋ ಎನ್ನುವಷ್ಟು ಸವೆದಿದ್ದವು. ಕುದುರೆಗೆ ಮುಂಗಾಲುಗಳೇ ಇರಲಿಲ್ಲ.

ಚಿಕ್ಕವಳಿದ್ದಾಗ ಅಪ್ಪ ಅದನ್ನು ದೂರದಿಂದ ತೋರಿಸುತ್ತಿದ್ದರು. ಆಗ ಪೂರ್ತಿ ಒಂದೇ ಬಣ್ಣ. ಇಂಕಿನ ಬಾಟಲಿಯ ಬಣ್ಣ. ಕುದುರೆಗೆ ನಾಲ್ಕೂ ಕಾಲಿತ್ತು, ನಾನೇ ಎಣಿಸಿದ್ದೆ.

"ಏನಿದರ ಅರ್ಥ?" ಎಂದೆ.

"ಎರಡರಲ್ಲಿ ಒಂದು. ಯಾರೋ ಮೇಲಿನದನ್ನ ಬದಲು ಮಾಡಿದ್ದಾರೆ. ಒಳ್ಳೇದನ್ನ ತೆಗ್ದು ಕಂಡಮ್ ಆದದ್ದನ್ನ ಹಾಕಿ, ಮೇಲೆ ಅಕ್ಷರ ಹೊಡ್ದು, ಹಳೇದು ಕಾಣ್ಲಿ ಅಂತ ಉಜ್ಜಿದ್ದಾರೆ. ಇಲ್ಲಾ, ಇದು ಶುರುವಿಂದ್ಲೇ ಎರಡು ಪಿಸ್ತೂಲು ಸೇರಿಸಿ ಮಾಡಿದ್ದು."

"ಹಿಂದಿನ ಗುರಿಕಟ್ಟು ಮ್ಯಾಚ್ ಪಿಸ್ತೂಲಿಂದೇ ಇದೆಯಲ್ಲ?"

"ಅದನ್ನ ಬಿಚ್ಚಿ ಇದಕ್ಕೆ ಹಾಕ್ಲಿಕ್ಕೆ ಎಷ್ಟು ಹೊತ್ತು ಅಕ್ಕ? ಕ್ಯಾಪ್ ಬಿಚ್ಚಿ ಬೇರೆ ಹಲ್ಲಿಗೆ ಹಾಕಿದ ಹಾಗೆ."

ಎರಡನೆಯದು ನಿಜವಾದರೆ ಅಪ್ಪ ಐವತ್ತು ವರ್ಷ ಸುಳ್ಳು ಹೇಳಿದ ಹಾಗೆ, ಅಥವಾ ಐವತ್ತು ವರ್ಷ ಮೋಸ ಹೋದ ಹಾಗೆ. ಅದು ಸಾಧ್ಯವಿಲ್ಲ, ಯಾಕೆಂದರೆ ನಾನೇ ಅದನ್ನು ಒಂದೇ ಬಣ್ಣದಲ್ಲಿ ನೋಡಿದ್ದೇನೆ. ಹಾಗಾದರೆ ಮೊದಲನೆಯದು. ಯಾರೋ ಬದಲಾಯಿಸಿದ್ದಾರೆ. ಯಾರು?

ನೋಡಿ, ನನ್ನ ತಲೆ ಇಂಥ ವಿಷಯದಲ್ಲಿ ಬಹಳ ಚುರುಕು. ತರಕಾರಿಯವನ ತಕ್ಕಡಿಯನ್ನು ನೋಡುತ್ತಲೇ ಬೆಳೆದವಳು. ಮೊದಲು ಡಾಕ್ಟರನ್ನು ಸಂಶಯಿಸಿದೆ, ಬೆಲೆ ಇಳಿಸಲು ನಾಟಕವಿರಬಹುದೆಂದು. ಆದರೆ ಬಣ್ಣ ನನ್ನ ಕಣ್ಣಿಗೇ ಕಾಣುತ್ತಿತ್ತು. ಕೌಂಟರಿನ ಹುಡುಗನನ್ನು ನೋಡಿದೆ. ಅವನು ಬೆವರುತ್ತಿದ್ದ, ಚೆನ್ನೈಯಲ್ಲಿ ಅದು ಸಾಕ್ಷಿಯಲ್ಲ. ಆಮೇಲೆ ನನ್ನ ಕಣ್ಣು ಪರದೆಯ ಮೇಲೆ ಹೋಯಿತು.

ಹಿಂದಿನ ಚುನಾವಣೆಯ ಸಮಯ ನೆನಪಾಯಿತು. ಅಪ್ಪ ಆಗ ಫೋನಿನಲ್ಲಿ ಹೇಳಿದ್ದರು: "ಈ ಸಲ ಮೇಸ್ತ್ರಿ ಎರಡು ದಿನ ಜಾಸ್ತಿ ಇಟ್ಕೊಂಡ ಕಣೆ, ಸರ್ವೀಸ್ ಮಾಡಿ ಕೊಡ್ತೀನಿ ಅಂದ." ಎರಡು ದಿನ. ಪರದೆಯ ಹಿಂದೆ. ಅಪ್ಪನಿಗೆ ಆಗ ಒಂದು ಕಣ್ಣಿಗೆ ಮಾತ್ರ ಆಪರೇಷನ್ ಆಗಿತ್ತು. ಇನ್ನೇನು ಬೇಕು?

ಲೈಸೆನ್ಸ್ ಪುಸ್ತಕ ತೆಗೆದು ನೋಡಿದೆ. ಅದರಲ್ಲಿ ಬರೆದಿರುವುದು ಒಂದೇ ನಂಬರ್, ಕೆಳಗಿನ ಭಾಗದ್ದು. ಅಂದರೆ ಮೇಲಿನದನ್ನು ಯಾರು ಎತ್ತಿಕೊಂಡು ಹೋದರೂ ಸರ್ಕಾರಕ್ಕೆ ಗೊತ್ತಾಗುವುದಿಲ್ಲ. ಇದು ಬಂದೂಕಿನ ಕೆಲಸ ತಿಳಿದವನಿಗೆ ಮಾತ್ರ ಹೊಳೆಯುವ ವಿಷಯ.

ಮೇಸ್ತ್ರಿಯನ್ನು ಹೊರಗೆ ಕರೆಸಿದೆ. ನಮ್ಮ ಮಾತು ತಮಿಳಿನಲ್ಲಿ ನಡೆಯಿತು, ಕನ್ನಡದಲ್ಲಿ ಹೇಳುತ್ತೇನೆ.

"ಅಣ್ಣಾ, ಇದರ ಮೇಲಿನ ಭಾಗ ಎಲ್ಲಿ?"

ಅವರು ಕನ್ನಡಕ ಇಳಿಸಿ ನೋಡಿದರು. "ಇದೇ ಅಮ್ಮಾ ಮೇಲಿನ ಭಾಗ."

"ಇದು ಬೇರೆ. ನಮ್ಮದು ಎಲ್ಲಿ ಅಂತ ಕೇಳ್ತಿದ್ದೀನಿ."

"ರಾಯರ್ ಸಾರ್ ಹೋದ್ಮೇಲೆ ನೀವು ತಂದಾಗ ಹೀಗೇ ಇತ್ತು."

"ಹೀಗೇ ಇತ್ತಾ! ರಸೀದೀಲಿ ಬರೆದಿದ್ದೀರಾ?"

"ರಸೀದೀಲಿ ನಂಬರ್ ಮಾತ್ರ ಬರೆಯೋದು."

"ಅದು ನಿಮಗೆ ಚೆನ್ನಾಗಿ ಗೊತ್ತು, ಅಲ್ವಾ?"

ಈ ಮಾತನ್ನು ನಾನು ಗಟ್ಟಿಯಾಗಿ ಹೇಳಿದೆ. ಬಂದೂಕು ರಿಪೇರಿಗೆ ಕೊಡಲು ಬಂದಿದ್ದ ಇಬ್ಬರು ಗಿರಾಕಿಗಳು ತಿರುಗಿ ನೋಡಿದರು. ಡಾಕ್ಟರು "ಅಕ್ಕ, ಮೆಲ್ಲ" ಎಂದರು. ಮೇಸ್ತ್ರಿ ಕೈಯಲ್ಲಿದ್ದ ಬಟ್ಟೆಯ ಚೂರನ್ನು ನಾಲ್ಕಾಗಿ ಮಡಚಿದರು, ಒಳಗೆ ಹೋದರು. ಆ ಮೌನವೇ ಒಪ್ಪಿಗೆ ಎಂದು ನಾನು ತೀರ್ಮಾನಿಸಿದೆ.

ಓನರ್ ಹುಡುಗ ನನ್ನನ್ನು ಮೆಟ್ಟಿಲ ತನಕ ಬಿಡಲು ಬಂದ. ಅವನ ದನಿ ಬಹಳ ಮೆತ್ತಗಿತ್ತು. "ಆಂಟಿ, ನೀವು ಪೊಲೀಸಿಗೆ ಬರೆದುಕೊಟ್ಟರೆ ಅಂಗಡಿಯ ಲೈಸೆನ್ಸೇ ಹೋಗುತ್ತೆ. ನೀವು ನನಗೆ ಬರೆದುಕೊಡಿ. ನಾನು ಅವರನ್ನು ತೆಗೆದುಬಿಡ್ತೀನಿ. ತಾತನ ಕಾಲದಿಂದ ಇದ್ದಾರೆ ಅಂತ ಇಟ್ಟುಕೊಂಡಿದ್ದೀನಿ, ಅಷ್ಟೇ. ಬೇರೆ ಎಲ್ಲೂ ಅವರಿಗೆ ಕೆಲಸ ಸಿಗಲ್ಲ, ಅದು ಬೇರೆ ಮಾತು."

ಐವತ್ತು ವರ್ಷ ತಾತನಿಂದ ಮೊಮ್ಮಗನವರೆಗೆ ದುಡಿದ ಮನುಷ್ಯನನ್ನು ಒಂದು ಚೀಟಿಗೆ ಬಿಟ್ಟುಕೊಡಲು ಇಷ್ಟು ಬೇಗ ಒಪ್ಪಿದನಲ್ಲ ಎಂದು ಆಗಲೇ ನನಗೆ ಅನ್ನಿಸಬೇಕಿತ್ತು. ಅನ್ನಿಸಿತು, ಆದರೆ ತಪ್ಪು ದಿಕ್ಕಿನಲ್ಲಿ: ಇವನೂ ಪಾಲುದಾರನಿರಬಹುದು ಎಂದು.

ಅವತ್ತು ಸಂಜೆ ನಾನು ಇದೇ ಪುಟದಲ್ಲಿ ಅದರ ಬಗ್ಗೆ ಪೋಸ್ಟ್ ಹಾಕಿದೆ. ನಿಮ್ಮಲ್ಲಿ ಬಹಳ ಜನ ಓದಿದ್ದೀರಿ. ಅಂಗಡಿಯ ಹೆಸರು ಬರೆದಿರಲಿಲ್ಲ, ಬಹಳ ಜಾಣೆ ನಾನು. ಆದರೆ ಪ್ಯಾರೀಸ್ ಕಾರ್ನರ್ ಎಂದಿದ್ದೆ, ಮೊದಲ ಮಹಡಿ ಎಂದಿದ್ದೆ, ಪರದೆಯ ಹಿಂದಿನ ಮುದುಕ ಎಂದಿದ್ದೆ. ಈ ಊರಿನಲ್ಲಿ ಬಂದೂಕಿನ ಅಂಗಡಿಗಳೇನು ಬೀದಿಗೆ ಹತ್ತಿವೆಯೇ? ಯಾರೋ ಅದನ್ನು ತಮಿಳಿಗೆ ಮಾಡಿ ಕ್ಲಬ್ಬಿನ ಗ್ರೂಪಿನಲ್ಲಿ ಹಾಕಿದರು. "ಬಿಡಬೇಡಿ ಮೇಡಂ", "ಇಂಥವರನ್ನು ಒಳಗೆ ಹಾಕಿಸಬೇಕು" ಎಂದು ನೀವು ಕೆಳಗೆ ಬರೆದಿರಿ. ನನಗೂ ಹಾಗೇ ಅನ್ನಿಸಿತು. ನೂರು ಜನ ಹೌದೆಂದಾಗ ಸಂಶಯ ಸಂಶಯವಾಗಿ ಉಳಿಯುವುದಿಲ್ಲ. ಮೂರನೆಯ ದಿನ ಓನರ್ ಹುಡುಗ ಫೋನ್ ಮಾಡಿ, ಮೇಸ್ತ್ರಿಯನ್ನು ಬರಬೇಡಿ ಎಂದಿದ್ದೇನೆ, ನೀವು ಬರೆದುಕೊಟ್ಟರೆ ಪೂರ್ತಿ ಕಳಿಸಿಬಿಡುತ್ತೇನೆ ಎಂದ. ಬರೆದು ಇಟ್ಟಿದ್ದೆ. ಸಹಿ ಮಾತ್ರ ಬಾಕಿ.

ಅದರ ಮಾರನೆಯ ದಿನ ಡಾಕ್ಟರ ಫೋನ್ ಬಂತು.

"ಅಕ್ಕ, ಕಾಗದ ಕೊಟ್ರಾ?"

"ಇಲ್ಲ. ಯಾಕೆ?"

"ಕೊಡಬೇಡಿ, ಒಂದು ದಿನ ತಡೀರಿ. ನಾನು ರಾತ್ರಿಯೆಲ್ಲ ಓದಿದೆ. ಆ ಕಾಲದ ಕೆಲವು ಪಿಸ್ತೂಲುಗಳಲ್ಲಿ ಕಂಪನಿಯವರು ಕೆಳಗಿನ ಭಾಗದ ನಂಬರನ್ನೇ ಸ್ಲೈಡಿನ ಒಳಗೂ ಹೊಡೀತಿದ್ರಂತೆ. ಹಿಂದಗಡೆ ಒಂದು ಚಿಕ್ಕ ತಗಡು ಉಂಟು, ಅದನ್ನ ತೆಗೆದ್ರೆ ಕಾಣ್ತದೆ. ನಂಬರ್ ಇಲ್ಲದಿದ್ರೆ ಏನೂ ಹೇಳ್ಲಿಕ್ಕೆ ಆಗುದಿಲ್ಲ. ಬೇರೆ ನಂಬರ್ ಇದ್ರೆ ನೀವು ಹೇಳಿದ್ದು ಸರಿ. ಅದೇ ನಂಬರ್ ಇದ್ರೆ..."

"ಇದ್ರೆ?"

"ಇದ್ರೆ ನಾವಿಬ್ರೂ ಕತ್ತೆಗಳು."

ಹೋದೆವು. ಹುಡುಗ ಪೆಟ್ಟಿಗೆ ತಂದಿಟ್ಟ. ಆ ತಗಡು ತೆಗೆಯಲು ಅವನಿಗೆ ಬರಲಿಲ್ಲ. ಡಾಕ್ಟರೂ ಒಂದು ಮೊಳೆಯಿಂದ ಒತ್ತಿ ನೋಡಿದರು. ಅದು ಅಲ್ಲಾಡಲಿಲ್ಲ. ಮ್ಯಾಚ್ ಪಿಸ್ತೂಲಲ್ಲವೇ, ಅದರಲ್ಲಿ ಎಲ್ಲವೂ ಬಿಗಿ. ಬಲವಂತ ಮಾಡಿದರೆ ಗೀರು ಬೀಳುತ್ತದೆ ಎಂದು ಕೈಬಿಟ್ಟರು. ಮೂವರೂ ಪರದೆಯ ಕಡೆ ನೋಡಿದೆವು. ಅಲ್ಲಿ ಯಾರೂ ಇರಲಿಲ್ಲ.

"ಅವರನ್ನೇ ಕರೀಬೇಕು" ಎಂದ ಹುಡುಗ, ನೆಲ ನೋಡುತ್ತ.

ಕಳ್ಳನೆಂದು ಕರೆದವನನ್ನೇ ಸಾಕ್ಷಿ ತೆಗೆಯಲು ಕರೆಯುವುದು! ನನಗೆ ಅದೂ ಸಂಶಯವೇ. ಅವನು ಏನಾದರೂ ಕೈಚಳಕ ಮಾಡಿದರೆ? "ನನ್ನ ಕಣ್ಣೆದುರಿಗೇ ತೆಗೀಬೇಕು" ಎಂದೆ. ಡಾಕ್ಟರು ವಿಡಿಯೋ ಮಾಡುತ್ತೇನೆಂದರು.

ಮೇಸ್ತ್ರಿ ಬಸ್ಸಿನಲ್ಲಿ ಬಂದರು, ಒಂದು ಗಂಟೆಯಾಯಿತು. ಇಸ್ತ್ರಿ ಮಾಡಿದ ಬಿಳಿ ಷರ್ಟು, ಬಿಳಿ ವೇಷ್ಟಿ. ಲುಂಗಿಯಲ್ಲಿ ಬರಲಿಲ್ಲ. ಯಾರಿಗೂ ನಮಸ್ಕಾರ ಹೇಳಲಿಲ್ಲ. ಏನು ಮಾಡಬೇಕೆಂದು ಹುಡುಗ ಹೇಳಿದ. ಅವರು ಪರದೆಯ ಹಿಂದೆ ಹೋಗಲಿಲ್ಲ. ಮೇಜಿನ ಮೇಲಿಂದ ಒಂದು ಸಣ್ಣ ಹಿತ್ತಾಳೆ ಕಡ್ಡಿ ತರಿಸಿಕೊಂಡು, ಕೌಂಟರಿನ ಮೇಲೇ ಸ್ಲೈಡನ್ನು ಬಿಚ್ಚಿ ಮಗುವಿನ ಹಾಗೆ ಮಲಗಿಸಿ, ಎಲ್ಲೋ ಒತ್ತಿ, ಎಲ್ಲೋ ಜಾರಿಸಿದರು. ತಗಡು ಕೈಗೆ ಬಂತು. ಅರ್ಧ ನಿಮಿಷವೂ ಆಗಲಿಲ್ಲ. ಸ್ಲೈಡನ್ನು ಡಾಕ್ಟರ ಕಡೆ ತಳ್ಳಿದರು.

ಡಾಕ್ಟರು ಹಲ್ಲಿನ ಕನ್ನಡಿ ಹಿಡಿದು, ಫೋನಿನ ಬೆಳಕು ಬಿಟ್ಟು, ಒಂದೊಂದೇ ಅಂಕಿ ಓದಿದರು. ನಾನು ಲೈಸೆನ್ಸ್ ಪುಸ್ತಕದ ಮೇಲೆ ಬೆರಳಿಟ್ಟು ನೋಡುತ್ತ ಹೋದೆ. ಕೊನೆಯ ಅಂಕಿಯ ತನಕ ಒಂದೂ ತಪ್ಪಲಿಲ್ಲ.

ಅದೇ ಸ್ಲೈಡು. ಅಪ್ಪನದೇ. ಕಾರ್ಖಾನೆಯಿಂದ ಒಟ್ಟಿಗೆ ಹೊರಟ ಜೋಡಿ.

"ನಿಮಗೆ ಈ ನಂಬರ್ ಇಲ್ಲಿರೋದು ಗೊತ್ತಿತ್ತಾ?" ಎಂದು ಮೇಸ್ತ್ರಿಯನ್ನು ಕೇಳಿದೆ.

"ರಾಯರ್ ಸಾರ್‌ಗೆ ತೋರಿಸಿದ್ದೇ ನಾನು. ಮೂವತ್ತು ವರ್ಷ ಆಯ್ತು."

"ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ?"

ಅವರು ಮೊದಲ ಸಲ ನನ್ನ ಮುಖ ನೋಡಿದರು. "ನೀಂಗ ಕೇಕ್ಕಲೆಯೇಮ್ಮಾ. ಸೊನ್ನೀಂಗ."

ನೀವು ಕೇಳಲಿಲ್ಲವಲ್ಲಮ್ಮಾ, ಹೇಳಿದಿರಿ. ಅಷ್ಟೇ ಅವರ ಉತ್ತರ.

ನನ್ನ ಬುದ್ಧಿ ನೋಡಿ, ಅಷ್ಟಕ್ಕೂ ಸುಮ್ಮನಾಗಲಿಲ್ಲ. ಬದಲಾಯಿಸಿಲ್ಲ ಸರಿ, ಬಣ್ಣ ಹಾಳು ಮಾಡಿದ್ದು ಯಾರು? ಸರ್ವೀಸ್ ಮಾಡುವಾಗ ಮಷೀನಿಗೆ ಕೊಟ್ಟು ಉಜ್ಜಿ ಕೆಡಿಸಿ, ಬಾಯಿ ಮುಚ್ಚಿಕೊಂಡು ಕೊಟ್ಟಿರಬಹುದಲ್ಲ? ಇದನ್ನು ನಾನು ಡಾಕ್ಟರಿಗೆ ಕನ್ನಡದಲ್ಲಿ ಹೇಳಿದೆ. ಮೇಸ್ತ್ರಿಗೆ ಭಾಷೆ ಗೊತ್ತಾಗದಿದ್ದರೂ ದನಿ ಗೊತ್ತಾಯಿತು. ಸ್ಲೈಡನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದು ನನ್ನನ್ನು ಹತ್ತಿರ ಕರೆದರು.

"ಗೀರು ನೋಡಿ. ಮಷೀನಾದರೆ ಒಂದೇ ಕಡೆಗೆ ಹೋಗುತ್ತೆ. ಇದು ಸುತ್ತಿ ಸುತ್ತಿ ಹೋಗಿದೆ. ಕೈ. ಪಾತ್ರೆ ತಿಕ್ಕೋ ಕೈ." ಆಮೇಲೆ ಚಿಮ್ಮಟ ತೆಗೆದುಕೊಂಡು ಸ್ಲೈಡಿನ ಒಳಗಿನ ಸಂದಿಯಿಂದ ಏನನ್ನೋ ಎಳೆದು ಬಿಳಿ ಕಾಗದದ ಮೇಲೆ ಇಟ್ಟರು. ಕೂದಲಿಗಿಂತ ಸ್ವಲ್ಪ ದಪ್ಪ. ಕಂದು ಬಣ್ಣ. ಎಣ್ಣೆ ಕುಡಿದಿತ್ತು.

ತೆಂಗಿನ ನಾರು.

ಆ ಅಂಗಡಿಯಲ್ಲಿ ತೆಂಗಿನ ನಾರಿನಿಂದ ಏನನ್ನೂ ತಿಕ್ಕುವುದಿಲ್ಲ. ತೆಂಗಿನ ನಾರಿನಿಂದ ಇವತ್ತಿಗೂ ತಿಕ್ಕುವ ಒಂದೇ ಒಂದು ಮನೆ ನನಗೆ ಗೊತ್ತು. ಅಲ್ಲಿ ಸ್ಟೀಲ್ ಉಜ್ಜುವ ಹಸಿರು ಪ್ಯಾಡು ಮಡಿಗೆ ಬರುವುದಿಲ್ಲ.

ಅಲ್ಲೇ ನಿಂತು ಅತ್ತೆಗೆ ಫೋನ್ ಮಾಡಿದೆ. ಅವರಿಗೆ ಕಿವಿ ಮಂದ, ಸ್ಪೀಕರ್ ಹಾಕಬೇಕು.

"ಅತ್ತೆ, ಅಪ್ಪನ ಪಿಸ್ತೂಲು ನೀವು ತಿಕ್ಕಿದ್ರಾ?"

"ಯಾವ್ದು?"

"ಪಿಸ್ತೂಲು! ತಿಕ್ಕಿದ್ರಾ?"

"ಮತ್ತಿನ್ನೇನೇ! ಹಾಗೇ ಪೂಜೆಗೆ ಇಡಕ್ಕಾಗತ್ತಾ? ಎಲೆಕ್ಷನ್ ಅಂತ ಅದು ಎಲ್ಲೆಲ್ಲೋ ಹೋಗಿ ಬಂದಿತ್ತು. ಯಾರ್ಯಾರ ಕೈ ಆಗಿತ್ತೋ. ಆಯುಧ ಪೂಜೆ ದಿನ ನಿಮ್ಮಪ್ಪ ಎಲ್ಲಾ ಬಿಚ್ಚಿ ಪೇಪರ್ ಮೇಲೆ ಹರಡ್ಕೊಂಡು ಎಣ್ಣೆ ತರಕ್ಕೆ ಹೋದ. ಆ ಮೇಲಿನ ತುಂಡು, ಕುದುರೆ ಇರೋದು, ಅದು ಕರ್ರಗೆ ಇದ್ದಿತ್ತು. ಹಯಗ್ರೀವ ದೇವರು ಹಾಗೆ ಮಸಿ ಹಿಡ್ಕೊಂಡು ಕೂತ್ಕೋಬೇಕಾ? ದೇವರ ಪಾತ್ರೆ ಜೊತೆ ಹಾಕಿ, ಹುಣಸೆಹಣ್ಣು ಹಚ್ಚಿ ಒಂದು ಗಂಟೆ ನೆನೆಸಿ, ಇಟ್ಟಿಗೆ ಪುಡಿ ಹಾಕಿ ತಿಕ್ದೆ. ಬಿಟ್ಕೊಳ್ಳೇ ಇಲ್ಲ ಕಣೆ ಆ ಮಸಿ. ತೋಳು ನೋವು ಬಂತು. ಪೋದುಂ, ಸಾಕಪ್ಪಾ ಅಂತ ಬಿಟ್ಟೆ ಕೊನೆಗೆ."

ಡಾಕ್ಟರು ಮುಖ ತಿರುಗಿಸಿಕೊಂಡರು. ಭುಜ ಅಲ್ಲಾಡುತ್ತಿತ್ತು.

"ಅಪ್ಪ ನೋಡಿ ಏನೂ ಅನ್ನಲಿಲ್ವಾ?"

"ಏನಂತಾನೆ? ಕೈಲಿ ಹಿಡ್ಕೊಂಡು ಸುಮಾರು ಹೊತ್ತು ನೋಡ್ದ. ಚೆನ್ನಾಗಿ ಹೊಳೀತಿದೆ ಅಕ್ಕಾ ಅಂದ. ಆಮೇಲೆ ಗಂಧ ಹಚ್ಚಿ ಇಟ್ಟ." ಸ್ವಲ್ಪ ತಡೆದು ಕೇಳಿದರು: "ಯಾಕೆ, ಏನಾದ್ರೂ ಆಯ್ತೇನೇ?"

ಏನೂ ಇಲ್ಲ ಎಂದು ಫೋನ್ ಇಟ್ಟೆ. ಆ ಕೈ ಮನೆಯದೆಂದು ಅಪ್ಪನಿಗೆ ಗೊತ್ತಿತ್ತು. ಬಾಯಿಬಿಟ್ಟು ಹೇಳಿದ್ದರೆ ಅತ್ತೆ ಆ ಹಬ್ಬದಲ್ಲಿ ಊಟ ಬಿಡುತ್ತಿದ್ದರು. ಹೇಳದೆ ಹೋದರು. ಅವರ ಸುಮ್ಮನಿರುವಿಕೆಗೆ ಬೆಲೆ ತೆತ್ತದ್ದು ಎದುರಿಗೆ ಬಿಳಿ ಷರ್ಟಿನಲ್ಲಿ ನಿಂತಿದ್ದ ಮನುಷ್ಯ.

"ಎನ್ನ ಸೊಲ್ರಾಂಗೊ?" ಎಂದು ಕೇಳಿದರು ಮೇಸ್ತ್ರಿ. ಏನಂತಾರೆ ಅವರು?

ಈಗ ಹೇಳಬೇಕಾದವಳು ನಾನು. ಹುಣಸೆಹಣ್ಣಿನ ಹುಳಿ ನೀಲಿ ಬಣ್ಣ ತಿಂದಿತು, ಇಟ್ಟಿಗೆ ಪುಡಿ ಅಕ್ಷರ ತಿಂದಿತು ಎಂದು ಹೇಳಿದೆ. ಅದು ಸುಲಭ. ಯಾಕೆ ತಿಕ್ಕಿದರು ಎಂದು ಅವರು ಕೇಳಿದರು. ದೇವರ ಮುಂದೆ ಇಡಲು ಎಂದೆ. "ಹೊಳೆಯಲಿ ಅಂತಾನಾ?" ಎಂದರು. ಹೌದು ಎಂದು ಅಲ್ಲಿಗೆ ಮುಗಿಸಬಹುದಿತ್ತು. ಅಷ್ಟು ದಿನದ ಮೇಲೆ ಇನ್ನೊಂದು ಸುಳ್ಳು ನನ್ನ ಬಾಯಿಗೆ ಬರಲಿಲ್ಲ.

"ಹೊರಗೆ ಹೋಗಿ ಬಂದಿತ್ತು, ಬೇರೆಯವರ ಕೈ ಆಗಿತ್ತು ಅಂತ" ಎಂದೆ.

ಅವರು ತಮ್ಮ ಕೈ ನೋಡಿಕೊಳ್ಳಲಿಲ್ಲ, ಸಿಟ್ಟು ಮಾಡಲಿಲ್ಲ. "ಹೂಂ" ಎಂದರು. "ನಾನು ಎರಡು ದಿನ ಕೂತು ಎಣ್ಣೆ ಕೊಟ್ಟಿದ್ದೆ ಅದಕ್ಕೆ." ಅಷ್ಟು ಹೇಳಿ ತಗಡನ್ನು ಎತ್ತಿಕೊಂಡು, ಬಂದ ದಾರಿಯಲ್ಲೇ ಜಾರಿಸಿ ಕೂರಿಸಿದರು. ಟಿಕ್ ಎಂದಿತು.

ನಾನು ತಪ್ಪಾಯಿತು ಎಂದೆ. ಕೌಂಟರಿನಲ್ಲಿ ಅವತ್ತು ಕೂಗಿದ್ದಷ್ಟೇ ಗಟ್ಟಿಯಾಗಿ ಹೇಳಬೇಕೆಂದುಕೊಂಡಿದ್ದೆ. ದನಿ ಅಷ್ಟು ಬರಲಿಲ್ಲ. ಬರೆದಿಟ್ಟಿದ್ದ ಕಾಗದವನ್ನು ಚೀಲದಿಂದ ತೆಗೆದು ಅವರೆದುರಿಗೇ ಹರಿದೆ. ಪೋಸ್ಟನ್ನು ಅಲ್ಲೇ ತೆಗೆದೆ. ಯಾರು ಯಾರು ಅದನ್ನು ಎಲ್ಲೆಲ್ಲಿಗೆ ಕಳಿಸಿದ್ದಾರೋ, ಅದು ನನ್ನ ಕೈಯಲ್ಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅದನ್ನು ತಮಿಳು ಮಾಡಿ ಕಳಿಸಿದವರು ದಯವಿಟ್ಟು ಇದನ್ನೂ ತಮಿಳು ಮಾಡಿ ಕಳಿಸಿ.

ಓನರ್ ಹುಡುಗ ಬಹಳ ಉತ್ಸಾಹದಿಂದ, "ಸೆರಿ, ಎಲ್ಲಾ ಮುಗೀತು, ನಾಳೆಯಿಂದ ಬನ್ನಿ" ಎಂದ. ಮೇಸ್ತ್ರಿ ಅವನ ಕಡೆ ನೋಡಲೂ ಇಲ್ಲ. "ಬರ್ತೀನಿ. ಆದರೆ ಇನ್ಮೇಲೆ ಪರದೆ ಬೇಡ" ಎಂದರು.

ಹುಡುಗನಿಗೆ ಅರ್ಥವಾಗಲಿಲ್ಲ. ಮೇಸ್ತ್ರಿ ತಾವೇ ಸ್ಟೂಲ್ ಎಳೆದುಕೊಂಡು ಹತ್ತಿ, ಕಂಬಿಯ ಒಂದು ತುದಿ ಬಿಚ್ಚಿ, ಪರದೆಯನ್ನು ಎಳೆದು ಕೆಳಗೆ ಹಾಕಿದರು. ರಿಪೇರಿಯ ಮೇಜು, ಅದರ ಮೇಲಿನ ಅರಗಳು, ಎಣ್ಣೆ ಡಬ್ಬಿ, ಗೋಡೆಯ ಕ್ಯಾಲೆಂಡರು ಎಲ್ಲವೂ ಬಯಲಾಯಿತು. ಐವತ್ತು ವರ್ಷ ಯಾರೂ ಬಗ್ಗಿ ನೋಡದ ಜಾಗ.

ಡಾಕ್ಟರು ಪಿಸ್ತೂಲು ಬೇಕು ಎಂದರು. ಬಣ್ಣ ಹೋದದ್ದರಿಂದ ಸಂಗ್ರಹ ಮಾಡುವವರು ಮೂಗು ಮುರಿಯುತ್ತಾರೆ, ಆದರೆ ನಾನು ಹೊಡೆಯುವವನು, ನನಗೆ ಬಣ್ಣ ಏನು ಮಾಡಬೇಕು ಎಂದರು. ವರ್ಗಾವಣೆಗೆ ಮುಂಚೆ ಒಂದು ಸಲ ಪೂರ್ತಿ ಬಿಚ್ಚಿ ಎಣ್ಣೆ ಕೊಡಿ ಎಂದು ಮೇಸ್ತ್ರಿಯನ್ನು ಕೇಳಿಕೊಂಡರು.

ಮೇಸ್ತ್ರಿ ಓನರ್ ಹುಡುಗನ ಹತ್ತಿರ ಒಂದು ಹೊಸ ನೋಟ್‌ಬುಕ್ ತರಿಸಿದರು. ಅದನ್ನು ನನ್ನ ಕಡೆ ತಳ್ಳಿ, ಪೆನ್ನನ್ನೂ ಕೊಟ್ಟರು.

"ನಾನು ಒಂದೊಂದೇ ಬಿಚ್ತೀನಿ. ನೀವು ನೋಡಿ, ಹೇಗಿದೆ ಅಂತ ನಿಮ್ಮ ಕೈಯಲ್ಲೇ ಬರೀರಿ. ಕೊನೇಲಿ ಸಹಿ."

"ಅಣ್ಣಾ, ನನಗೆ ನಿಮ್ಮ ಮೇಲೆ ನಂಬಿಕೆ ಇದೆ. ಇದೆಲ್ಲ ಬೇಡ."

"ನಿಮಗಿದೆ" ಎಂದರು, ಕನ್ನಡಕ ಇಳಿಸುತ್ತ.

ನಾನು ಕುರ್ಚಿ ಎಳೆಯಹೋದೆ. ನಿಂತರೆ ಚೆನ್ನಾಗಿ ಕಾಣುತ್ತೆ ಅಮ್ಮಾ ಎಂದರು. ಬಿಳಿ ಷರ್ಟಿನ ತೋಳನ್ನು ಮೊಣಕೈಯವರೆಗೆ ಮಡಚಿ, ಮೊದಲು ನಳಿಗೆ ತೆಗೆದರು, ಬಟ್ಟೆಯ ಮೇಲಿಟ್ಟರು, ಕಾದರು. ನಾನು ಬರೆದೆ. ಉಂಗುರ ಇಟ್ಟರು, ಕಾದರು. ಬರೆದೆ. ಸ್ಪ್ರಿಂಗುಗಳು, ಪಿನ್ನುಗಳು, ಹೆಸರೇ ಗೊತ್ತಿಲ್ಲದ ಚೂರುಗಳು. ಹೆಸರು ಅವರು ಹೇಳಿದರು, ಹೇಗಿದೆ ಎಂಬುದನ್ನು ಮಾತ್ರ ಒಂದು ಸಲವೂ ಹೇಳಲಿಲ್ಲ. ಅದು ನೋಡಿ ನಾನೇ ಬರೆಯಬೇಕು. ಆ ಮಧ್ಯೆ ಬೇರೆ ಗಿರಾಕಿಗಳು ಬಂದರು, ನಿಂತು ನೋಡಿದರು. ಒಬ್ಬ ಏನು ನಡೆಯುತ್ತಿದೆ ಎಂದು ಕೇಳಿದ. ಇನ್ನು ಮೇಲೆ ಇಲ್ಲಿ ಎಲ್ಲರಿಗೂ ಹೀಗೇ, ನೀವೂ ಪೆನ್ ತನ್ನಿ ಎಂದರು ಮೇಸ್ತ್ರಿ.

ಕಾಲು ನೋಯುತ್ತಿತ್ತು. ಮುಕ್ಕಾಲು ಗಂಟೆಯಾದ ಮೇಲೆ ಮೇಲಿನ ಭಾಗ ಬಟ್ಟೆಯ ಮೇಲೆ ಬಂದು ಕೂತಿತು. ಅವರು ಕೈಕಟ್ಟಿ ನಿಂತರು. ನಾನು ಬರೆದೆ: ಬಣ್ಣ ಹೋಗಿದೆ, ಬಲಗಡೆ ಅಕ್ಷರ ಸವೆದಿದೆ, ಎಡಗಡೆ ಗುರುತು ಅರ್ಧ ಸವೆದಿದೆ. ಪೆನ್ನು ಎತ್ತಿದೆ.

ಅವರು ಇನ್ನೂ ಕಾಯುತ್ತಿದ್ದರು.

ಒಂದು ಸಾಲು ಬಿಟ್ಟು ಬರೆದೆ: ಇದು ಅಂಗಡಿಗೆ ಬರುವ ಮೊದಲೇ ನಮ್ಮ ಮನೆಯಲ್ಲಿ ಆದದ್ದು. ಸಹಿ ಮಾಡಿದೆ. ಅವರು ಡಾಕ್ಟರನ್ನು ಕರೆದು, ಅದನ್ನು ಗಟ್ಟಿಯಾಗಿ ಓದಿ ತಮಿಳಿನಲ್ಲಿ ಹೇಳಲು ಕೇಳಿದರು. ಪೂರ್ತಿ ಕೇಳಿಸಿಕೊಂಡ ಮೇಲೆ ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದರು.